ಊರು ಯಾವುದು, ತಂಡ ಯಾವುದು: ಅಲ್ಟಿಮೇಟ್ ಪಂದ್ಯಾಟಗಳಲ್ಲಿ ಪ್ರಾದೇಶಿಕ ಅರ್ಹತೆಯ ಪ್ರಶ್ನೆ

ಮಂಗಳೂರಿನಲ್ಲಿ ಹವ್ಯಾಸಿ ಆಟಗಾರರು ಮತ್ತು ಪಂದ್ಯಾಟ ಸಂಘಟಕರು ಸೇರಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪವಿದು. ಮಾತಿನ ಭರದಲ್ಲಿ ಅರ್ಧಕ್ಕೆ ಬಿಟ್ಟಿದ್ದ ಒಂದೆರಡು ಅಂಶಗಳನ್ನು ಬರೆಯುವಾಗ ವಿಸ್ತರಿಸಿದ್ದೇನೆ.

ಮಳೆಗಾಲ ಮುಗಿದು ಗದ್ದೆಗಳು ಒಣಗಿದ ಮೇಲೆ ಮಂಗಳೂರಿನಿಂದ ಉಡುಪಿಯ ಕಡೆಗೆ ಹೆದ್ದಾರಿಯಲ್ಲಿ ಹೋಗುವವರ ಕಣ್ಣಿಗೆ ಪಂದ್ಯಾಟದ ಫ್ಲೆಕ್ಸುಗಳು ಬೀಳದೆ ಇರುವುದಿಲ್ಲ. ಹೊನಲು ಬೆಳಕಿನ ವಾಲಿಬಾಲ್, ಅಂಡರ್ ಆರ್ಮ್ ಕ್ರಿಕೆಟ್, ಹಗ್ಗಜಗ್ಗಾಟ ಎಂದು ದೊಡ್ಡ ಅಕ್ಷರಗಳಲ್ಲಿಯೂ, ಬಹುಮಾನದ ಮೊತ್ತವನ್ನು ಇನ್ನೂ ದೊಡ್ಡ ಅಕ್ಷರಗಳಲ್ಲಿಯೂ ಅಚ್ಚು ಹಾಕಿಸಿದ ಆ ಫಲಕಗಳಲ್ಲಿ, ಅತಿಥಿಗಳ ಭಾವಚಿತ್ರಗಳಿಗೂ ಕೆಳಗೆ, ಆಡುವವರನ್ನು ಬಿಟ್ಟರೆ ಬೇರೆ ಯಾರೂ ಓದದ ನಾಲ್ಕು ಸಾಲುಗಳಿರುತ್ತವೆ. ಗ್ರಾಮದ ಆಟಗಾರರಿಗೆ ಮಾತ್ರ. ಹೊರಗಿನ ಇಬ್ಬರಿಗೆ ಅವಕಾಶ. ಆಧಾರ್ ಕಾರ್ಡ್ ಕಡ್ಡಾಯ. ಸಂಘಟಕರ ತೀರ್ಮಾನವೇ ಅಂತಿಮ. ಇಂದು ನಾನು ಮಾತನಾಡಬೇಕಾದ ವಿಷಯವೆಲ್ಲ ಈ ನಾಲ್ಕು ಸಾಲುಗಳಲ್ಲಿಯೇ ಇದೆ. ಮೊದಲ ಮೂರು ಸಾಲುಗಳು ಹೇಗೋ ಅಲ್ಟಿಮೇಟ್ ಆಟಕ್ಕೂ ಹೊಂದಬಹುದು. ನಾಲ್ಕನೆಯದನ್ನು ಬರೆಯಲು ನಮ್ಮ ಆಟದ ಸ್ವಭಾವವೇ ಸುಲಭವಾಗಿ ಒಪ್ಪುವುದಿಲ್ಲ.

ಆಟದ ಪರಿಚಯವಿಲ್ಲದವರು ಸಭೆಯಲ್ಲಿ ಇದ್ದಾರೆ ಎಂದು ತಿಳಿದು ಸ್ವಲ್ಪ ಹೇಳಿಬಿಡುತ್ತೇನೆ. ಫ್ರಿಸ್ಬಿ ಎಂದು ನಾವು ಕರೆಯುವ ತಟ್ಟೆಯಿಂದ ಆಡುವ ಈ ಆಟವನ್ನು 1968ರಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಮೇಪಲ್‌ವುಡ್ ಎಂಬ ಊರಿನ ಕೊಲಂಬಿಯಾ ಹೈಸ್ಕೂಲಿನ ವಿದ್ಯಾರ್ಥಿಗಳು ರೂಪಿಸಿದರು. ಫ್ರಿಸ್ಬಿ ಎಂಬುದು ವಾಮ್-ಓ ಕಂಪನಿಯ ಟ್ರೇಡ್‌ಮಾರ್ಕ್ ಆದ್ದರಿಂದ ಆಟದ ಹೆಸರು ಬರಿಯ ಅಲ್ಟಿಮೇಟ್. ಡಿಸ್ಕಿನ ತೂಕ 175 ಗ್ರಾಂ. ಹುಲ್ಲಿನ ಅಂಗಳ 100 ಮೀಟರ್ ಉದ್ದ, 37 ಮೀಟರ್ ಅಗಲ; ಎರಡು ತುದಿಗಳಲ್ಲಿ 18 ಮೀಟರಿನ ಎಂಡ್ ಝೋನ್. ಹುಲ್ಲಿನ ಮೇಲೆ ಏಳು ಮಂದಿ, ಮರಳಿನ ಮೇಲೆ ಐದು ಮಂದಿ. ಡಿಸ್ಕ್ ಹಿಡಿದವನು ಓಡುವಂತಿಲ್ಲ. ಎದುರಾಳಿ ಹತ್ತು ಎಣಿಸುವುದರೊಳಗೆ ಜೊತೆಗಾರನಿಗೆ ಎಸೆಯಬೇಕು. ಎಂಡ್ ಝೋನಿನೊಳಗೆ ಹಿಡಿದರೆ ಒಂದು ಪಾಯಿಂಟ್. ಮುಖ್ಯವಾದ ಸಂಗತಿಯೆಂದರೆ ರೆಫರಿ ಇಲ್ಲ. ಫೌಲ್ ಆಯಿತೆಂದು ಆಟಗಾರನೇ ಕರೆಯುತ್ತಾನೆ, ಎದುರಾಳಿ ಒಪ್ಪುತ್ತಾನೆ ಅಥವಾ ಒಪ್ಪುವುದಿಲ್ಲ. ಒಪ್ಪದೆ ಹೋದರೆ ಸಾಮಾನ್ಯವಾಗಿ ಡಿಸ್ಕ್ ಹಿಂದಿನ ಎಸೆತಗಾರನ ಕೈಗೆ ಮರಳಿ ಆಟ ಅಲ್ಲಿಂದಲೇ ಮತ್ತೆ ಮೊದಲಾಗುತ್ತದೆ. ಸ್ಪಿರಿಟ್ ಆಫ್ ದಿ ಗೇಮ್ ಎಂದು ಕರೆಯುವ ಈ ಪದ್ಧತಿ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿಯೂ ಹೀಗೆಯೇ ನಡೆಯುತ್ತದೆ.

ಅರ್ಹತೆಯ ಪ್ರಶ್ನೆ ನಮ್ಮಲ್ಲಿ ಬೇರೆ ಆಟಗಳಿಗಿಂತ ತೀಕ್ಷ್ಣವಾಗುವುದು ಇಲ್ಲಿಯೇ. ಫೌಲಿನ ವಿವಾದಕ್ಕೆ ಪರಿಹಾರವಿದೆ: ಡಿಸ್ಕ್ ಹಿಂದಕ್ಕೆ ಹೋಗುತ್ತದೆ. ಆಡಬಾರದವನು ಆಡಿದನೆಂಬ ವಿವಾದದಲ್ಲಿ ಹಿಂದಕ್ಕೆ ಕಳುಹಿಸಲು ಏನೂ ಇರುವುದಿಲ್ಲ. ಆ ಆಟಗಾರ ಹಾಕಿದ ಇಪ್ಪತ್ತು ಎಸೆತಗಳನ್ನು, ಆತ ತಡೆದ ನಾಲ್ಕು ಪಾಯಿಂಟುಗಳನ್ನು ಯಾರ ಕೈಗೆ ಮರಳಿಸುವುದು?

ಇನ್ನೊಂದು ಕಾರಣ ಆಟದ ಒಳಗಿನ ಲೆಕ್ಕ. ಹನ್ನೊಂದು ಮಂದಿಯ ಕ್ರಿಕೆಟಿನಲ್ಲಿ ಹೊರಗಿನಿಂದ ಬಂದ ಒಬ್ಬ ಬೌಲರ್ ತನ್ನ ಪಾಲಿನ ಓವರುಗಳನ್ನು ಮುಗಿಸಿ ಬೌಂಡರಿ ಗೆರೆಯ ಬಳಿ ನಿಲ್ಲಬೇಕಾಗುತ್ತದೆ. ಅಲ್ಟಿಮೇಟಿನಲ್ಲಿ ಅಂತಹ ಮಿತಿಯಿಲ್ಲ. ಹ್ಯಾಂಡ್ಲರ್ ಎಂದು ಕರೆಯುವ ನುರಿತ ಎಸೆತಗಾರ ಪ್ರತಿ ಎರಡನೆಯ ಪಾಸನ್ನೂ ತನ್ನ ಕೈಯಿಂದಲೇ ಹಾಯಿಸಬಲ್ಲ. ಅರಬ್ಬೀ ಸಮುದ್ರದ ಕಡೆಯಿಂದ ಮಧ್ಯಾಹ್ನದ ಮೇಲೆ ಬೀಸುವ ಗಾಳಿಯಲ್ಲಿ ಮಲ್ಪೆಯಲ್ಲೋ ತಣ್ಣೀರುಬಾವಿಯಲ್ಲೋ ಆಡಿದವರಿಗೆ ಗೊತ್ತು, ಗಾಳಿಗೆದುರಾಗಿ ನೆಟ್ಟಗೆ ಎಸೆಯಬಲ್ಲ ಒಬ್ಬನೇ ಒಬ್ಬನಿದ್ದರೆ ಐದು ಮಂದಿಯ ಆಟದಲ್ಲಿ ಉಳಿದ ನಾಲ್ವರು ಓಡಿದರೆ ಸಾಕು. ಆದ್ದರಿಂದ ಶುಕ್ರವಾರ ರಾತ್ರಿಯ ಬಸ್ಸಿನಲ್ಲಿ ಬೆಂಗಳೂರಿನಿಂದ ಬಂದಿಳಿಯುವ ಇಬ್ಬರು ಒಂದು ತಂಡವನ್ನು ಬಲಪಡಿಸುವುದಷ್ಟೇ ಅಲ್ಲ, ಬೇರೆಯದೇ ತಂಡವನ್ನಾಗಿ ಮಾಡಿಬಿಡುತ್ತಾರೆ.

ಇದನ್ನು ಅನ್ಯರ ಮೇಲಿನ ದೂರಾಗಿ ಹೇಳುತ್ತಿಲ್ಲ. ಕೆಲವು ವರ್ಷಗಳ ಹಿಂದೆ ಬೀಚಿನಲ್ಲಿ ನಡೆದ ಒಂದು ಪಂದ್ಯಾಟದಲ್ಲಿ ನಮ್ಮ ತಂಡಕ್ಕೆ ಮಂದಿ ಸಾಲದೆ ಹಾಗೆ ಇಬ್ಬರನ್ನು ಕರೆಸಿದವನು ನಾನೇ. ನಿಯಮದಲ್ಲಿ ಅದಕ್ಕೆ ತಡೆಯಿರಲಿಲ್ಲ, ಯಾಕೆಂದರೆ ನಿಯಮವೇ ಇರಲಿಲ್ಲ. ಸೆಮಿಫೈನಲಿನಲ್ಲಿ ನಮ್ಮೆದುರು ಆಡಿದವರು ಆರು ತಿಂಗಳಿನಿಂದ ಬೆಳಿಗ್ಗೆ ಬೇಗನೆ ಎದ್ದು ಅಭ್ಯಾಸ ಮಾಡಿದ ಕಾಲೇಜಿನ ಹುಡುಗರು. ನಾವು ಗೆದ್ದೆವು. ಪಂದ್ಯ ಮುಗಿದ ಮೇಲೆ ಎರಡೂ ತಂಡಗಳು ಹೆಗಲ ಮೇಲೆ ಕೈಹಾಕಿ ವೃತ್ತಾಕಾರವಾಗಿ ನಿಂತು ಮಾತನಾಡುವ ಸ್ಪಿರಿಟ್ ಸರ್ಕಲಿನಲ್ಲಿ ಅವರ ಕ್ಯಾಪ್ಟನ್ ನಮ್ಮ ಆಟವನ್ನು ಮನಸಾರೆ ಹೊಗಳಿ, ನಮ್ಮವರೊಬ್ಬರಿಗೆ ಉತ್ತಮ ಆಟಗಾರ ಎಂದು ಚಾಕೊಲೇಟ್ ಕೊಟ್ಟ. ಕೊಟ್ಟದ್ದು ಆ ಬೆಂಗಳೂರಿನ ಇಬ್ಬರಲ್ಲಿ ಒಬ್ಬನಿಗೆ. ಅವನ ಹೆಸರು ನಮ್ಮ ತಂಡದಲ್ಲಿ ನನ್ನನ್ನು ಬಿಟ್ಟರೆ ಬೇರೆ ಯಾರಿಗೂ ಗೊತ್ತಿರಲಿಲ್ಲ. ಆ ಹುಡುಗರಿಂದ ಒಂದು ಆಕ್ಷೇಪದ ಮಾತೂ ಬರಲಿಲ್ಲ. ಮುಂದಿನ ವರ್ಷದ ಪಂದ್ಯಾಟಕ್ಕೆ ಅವರೂ ಬರಲಿಲ್ಲ.

ಹಾಗಾದರೆ ಪ್ರತಿಯೊಂದು ಪಂದ್ಯಾಟಕ್ಕೂ ಅರ್ಹತೆಯ ಬೇಲಿ ಬೇಕೇ? ಬೇಡ. ಯಕ್ಷಗಾನ ಬಲ್ಲ ಈ ಊರಿನಲ್ಲಿ ಕೂಡಾಟಕ್ಕೂ ಜೋಡಾಟಕ್ಕೂ ಇರುವ ವ್ಯತ್ಯಾಸವನ್ನು ವಿವರಿಸಬೇಕಾಗಿಲ್ಲ. ಕೂಡಾಟದಲ್ಲಿ ಬೇರೆ ಬೇರೆ ಮೇಳಗಳ ಕಲಾವಿದರು ಒಂದೇ ರಂಗಸ್ಥಳದಲ್ಲಿ ಸೇರುತ್ತಾರೆ. ಯಾರು ಯಾವ ಮೇಳದವರು ಎಂಬುದು ಅಲ್ಲಿ ಸಂತೋಷದ ವಿಷಯ, ತಕರಾರಿನ ವಿಷಯವಲ್ಲ. ನಮ್ಮ ಹ್ಯಾಟ್ ಪಂದ್ಯಾಟಗಳು ಅಂತಹವು. ಆಟಗಾರರು ಒಬ್ಬೊಬ್ಬರಾಗಿ ಹೆಸರು ಕೊಡುತ್ತಾರೆ, ಸಂಘಟಕರು ಬಲಾಬಲ ನೋಡಿ ತಂಡಗಳನ್ನಾಗಿ ಹಂಚುತ್ತಾರೆ, ಚೆನ್ನೈಯವರೂ ಆರೋವಿಲ್ಲೆಯವರೂ ಸುರತ್ಕಲ್ಲಿನವರೂ ಒಂದೇ ಬಣ್ಣದ ಜೆರ್ಸಿ ತೊಡುತ್ತಾರೆ. ಅಲ್ಲಿ ಊರಿನ ನಿಯಮ ತಂದರೆ ಅದು ಶುದ್ಧ ಅವಿವೇಕ. ಜೋಡಾಟದಲ್ಲಿ ಮಾತ್ರ ಎರಡು ಮೇಳಗಳು ಅಕ್ಕಪಕ್ಕದ ರಂಗಸ್ಥಳಗಳಲ್ಲಿ ತಮ್ಮ ತಮ್ಮ ಬಲವನ್ನೇ ಪಣಕ್ಕಿಡುತ್ತವೆ. ಒಂದು ಪ್ರದೇಶದಿಂದ ಮುಂದಿನ ಹಂತಕ್ಕೆ ಯಾವ ತಂಡ ಹೋಗಬೇಕೆಂದು ತೀರ್ಮಾನಿಸುವ ಅರ್ಹತಾ ಪಂದ್ಯಾಟ ಜೋಡಾಟದ ಜಾತಿಗೆ ಸೇರಿದ್ದು, ಪ್ರಾದೇಶಿಕ ಅರ್ಹತೆಯ ನಿಯಮ ಬೇಕಾದದ್ದೂ ಅಲ್ಲಿಗೆ ಮಾತ್ರ.

ಇದು ಹೇಗೆ ನಡೆಯುತ್ತದೆ ಎಂಬುದಕ್ಕೆ ಅಮೆರಿಕದ ಉದಾಹರಣೆ ಸ್ಪಷ್ಟವಾಗಿದೆ. ಅಲ್ಲಿನ ಆಟಗಾರರ ಸಂಘ 1979ರಲ್ಲಿ ಹುಟ್ಟಿ 2010ರಲ್ಲಿ ಯುಎಸ್‌ಎ ಅಲ್ಟಿಮೇಟ್ ಎಂದು ಹೆಸರು ಬದಲಿಸಿಕೊಂಡಿತು. ಕ್ಲಬ್ ವಿಭಾಗದಲ್ಲಿ ದೇಶವನ್ನು 8 ಪ್ರದೇಶಗಳಾಗಿ ಹಂಚಿಕೊಂಡು, ಮೊದಲು ಉಪಪ್ರದೇಶದ ಪಂದ್ಯಗಳು, ಬಳಿಕ ಪ್ರಾದೇಶಿಕ, ಕೊನೆಗೆ ರಾಷ್ಟ್ರೀಯ ಎಂಬ ಮೂರು ಮೆಟ್ಟಿಲುಗಳನ್ನು ಇಟ್ಟರು. 2010ರ ದಶಕದಲ್ಲಿ ನೆಲೆನಿಂತ ಪದ್ಧತಿಯಂತೆ ರಾಷ್ಟ್ರೀಯ ಹಂತದ 16 ಸ್ಥಾನಗಳಲ್ಲಿ 8 ಸ್ಥಾನಗಳು ಪ್ರದೇಶಕ್ಕೊಂದರಂತೆ ಖಚಿತ. ಉಳಿದ 8 ಆ ಋತುವಿನ ಶ್ರೇಯಾಂಕದಲ್ಲಿ ಮೇಲಿರುವ ತಂಡಗಳ ಪ್ರದೇಶಗಳಿಗೆ ಹೋಗುತ್ತವೆ. ಇದರ ಅರ್ಥವನ್ನು ಸ್ವಲ್ಪ ಯೋಚಿಸಬೇಕು. ದುರ್ಬಲ ಪ್ರದೇಶಕ್ಕೂ ಒಂದು ಬಾಗಿಲು ಸದಾ ತೆರೆದಿರುತ್ತದೆ. ಹಾಗಾಗಿಯೇ ಬಲಿಷ್ಠ ಪ್ರದೇಶದ ಆಟಗಾರನಿಗೆ ಆ ಬಾಗಿಲಿನಿಂದ ನುಗ್ಗುವ ಆಸೆಯೂ ಹುಟ್ಟಬಹುದು. ಅದನ್ನು ತಡೆಯಲು ಒಬ್ಬ ಆಟಗಾರ ಒಂದು ಋತುವಿನ ಸರಣಿಯಲ್ಲಿ ಒಂದೇ ತಂಡದ ರೋಸ್ಟರಿನಲ್ಲಿ, ಅಂದರೆ ಆಟಗಾರರ ಪಟ್ಟಿಯಲ್ಲಿ, ಇರಬೇಕು, ಆ ರೋಸ್ಟರ್ ಮೊದಲ ಮೆಟ್ಟಿಲಿಗೆ ಮುಂಚೆಯೇ ಮುಚ್ಚಿರಬೇಕು ಎಂಬ ನಿಯಮಗಳು ಬಂದವು. ಹೀಗೆ ಪ್ರಾದೇಶಿಕ ಸ್ಥಾನ ಮತ್ತು ಪ್ರಾದೇಶಿಕ ಅರ್ಹತೆ ಒಂದೇ ನಾಣ್ಯದ ಎರಡು ಮುಖಗಳಾಗಿವೆ. ಕರಾವಳಿಗೆ ಒಂದು ಸ್ಥಾನ ಮೀಸಲಿಡಿ ಎಂದು ಕೇಳುವ ನಾವು, ಆ ಸ್ಥಾನವನ್ನು ಕರಾವಳಿಯವರೇ ತುಂಬುತ್ತಾರೆ ಎಂಬ ಭರವಸೆಯನ್ನೂ ಕೊಡಬೇಕಾಗುತ್ತದೆ.

ಈಗ ಕಠಿಣ ಭಾಗಕ್ಕೆ ಬರುತ್ತೇನೆ. ಕರಾವಳಿಯವರು ಎಂದರೆ ಯಾರು?

ಕ್ರೀಡೆಯ ಇತಿಹಾಸದಲ್ಲಿ ಈ ಪ್ರಶ್ನೆಗೆ ಎರಡು ಹಳೆಯ ಉತ್ತರಗಳಿವೆ: ಹುಟ್ಟಿದ ಊರು, ವಾಸದ ಊರು. ಹುಟ್ಟಿನ ಉತ್ತರವನ್ನು ಅತ್ಯಂತ ಕಟ್ಟುನಿಟ್ಟಾಗಿ ಹಿಡಿದದ್ದು ಇಂಗ್ಲೆಂಡಿನ ಯಾರ್ಕ್‌ಷೈರ್ ಕೌಂಟಿ. ಯಾರ್ಕ್‌ಷೈರಿನಲ್ಲಿ ಹುಟ್ಟದವನಿಗೆ ಅಲ್ಲಿ ಆಡಲು ಅವಕಾಶವಿಲ್ಲ ಎಂಬ ಸಂಪ್ರದಾಯ ಒಂದು ಶತಮಾನಕ್ಕೂ ಮಿಕ್ಕಿ ನಡೆದು, 1992ರಲ್ಲಿ ಸಚಿನ್ ತೆಂಡೂಲ್ಕರ್ ಆ ಕೌಂಟಿಯ ಮೊದಲ ವಿದೇಶಿ ಆಟಗಾರನಾಗಿ ಕಣಕ್ಕಿಳಿದಾಗ ಮುರಿಯಿತು. ಸ್ಪೇನಿನ ಅಥ್ಲೆಟಿಕ್ ಬಿಲ್ಬಾವೊ ಫುಟ್ಬಾಲ್ ಕ್ಲಬ್ ಬಾಸ್ಕ್ ನಾಡಿನವರನ್ನು ಮಾತ್ರ ಆಡಿಸುತ್ತದೆಯಾದರೂ, ಬಾಸ್ಕ್ ನಾಡಿನಲ್ಲಿ ಹುಟ್ಟಿದವರು ಮಾತ್ರವಲ್ಲ, ಅಲ್ಲಿನ ಕ್ಲಬ್ಬುಗಳಲ್ಲಿ ಪಳಗಿದವರೂ ಅದರ ಲೆಕ್ಕದಲ್ಲಿ ನಾಡಿನವರೇ. ಘಾನಾ ದೇಶದಿಂದ ಬಂದ ತಂದೆತಾಯಿಯ ಮಗ ಇನಾಕಿ ವಿಲಿಯಮ್ಸ್ ಆ ಕ್ಲಬ್ಬಿನ ಹೆಮ್ಮೆಯ ಹೆಸರು. ಆಸ್ಟ್ರೇಲಿಯದ ರಗ್ಬಿ ಲೀಗ್ ಇನ್ನೂ ಸ್ವಾರಸ್ಯದ ಪ್ರಸಂಗ. ಕ್ವೀನ್ಸ್‌ಲ್ಯಾಂಡಿನ ಒಳ್ಳೆಯ ಆಟಗಾರರು ಸಂಪಾದನೆಗಾಗಿ ಸಿಡ್ನಿಯ ಕ್ಲಬ್ಬುಗಳಿಗೆ ಹೋಗುತ್ತಿದ್ದರು. ವಾಸದ ನಿಯಮದಂತೆ ಅವರೇ ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯದ ಪರವಾಗಿ ಬಂದು ತಮ್ಮ ತವರನ್ನು ಸೋಲಿಸುತ್ತಿದ್ದರು. 1980ರ ಜುಲೈ 8ರಂದು ಬ್ರಿಸ್ಬೇನಿನಲ್ಲಿ ಮೊದಲ ಬಾರಿಗೆ ಮೂಲದ ಆಧಾರದಲ್ಲಿ ತಂಡ ಕಟ್ಟಿ ಆಡಿದಾಗ ಕ್ವೀನ್ಸ್‌ಲ್ಯಾಂಡ್ 20–10ರಿಂದ ಗೆದ್ದಿತು.

ಆ ಕಥೆ ಕೇಳಿದರೆ ನಮ್ಮವರಿಗೆ ಮೈ ಜುಮ್ಮೆನ್ನುವುದು ಸಹಜ. ಮುಂಬೈಗೆ, ಬೆಂಗಳೂರಿಗೆ, ಗಲ್ಫಿಗೆ ಹೋದವರು ಇಲ್ಲದ ಮನೆ ಇಲ್ಲಿ ಅಪರೂಪ. ಅವರನ್ನೆಲ್ಲ ಊರಿನ ಹೆಸರಿನಲ್ಲಿ ಒಂದುಗೂಡಿಸುವ ಯೋಚನೆ ಯಾರಿಗೆ ರುಚಿಸುವುದಿಲ್ಲ? ಆದರೆ ಮೂಲದ ಪಂದ್ಯ ವರ್ಷಕ್ಕೆ ಕೆಲವೇ ದಿನ ನಡೆಯುವ ಪ್ರದರ್ಶನದ ರೀತಿಯದು; ಉಳಿದ ವರ್ಷವಿಡೀ ಆ ಆಟಗಾರರನ್ನು ಸಿಡ್ನಿಯ ಕ್ಲಬ್ಬು ಸಾಕುತ್ತಿತ್ತು ಎಂಬುದನ್ನು ಮರೆಯಬಾರದು. ಹವ್ಯಾಸಿ ಕ್ಲಬ್ಬಿನ ಸರಣಿಗೆ ಹುಟ್ಟಿದ ಊರಿನ ನಿಯಮ ಹಾಕಿದರೆ ಏನಾಗುತ್ತದೆ? ಬೆಂಗಳೂರಿನಲ್ಲಿ ವಾರಕ್ಕೆ ಮೂರು ದಿನ ಅಭ್ಯಾಸ ಮಾಡುವ ಮೂಲ್ಕಿಯ ತರುಣ, ತಾನು ಒಮ್ಮೆಯೂ ಅಭ್ಯಾಸ ಮಾಡದ ತಂಡದ ಪರವಾಗಿ ಆಡುತ್ತಾನೆ. ಸುರತ್ಕಲ್ಲಿನ ಎನ್‌ಐಟಿಕೆಯಲ್ಲೋ ಮಣಿಪಾಲದಲ್ಲೋ ನಾಲ್ಕು ವರ್ಷ ಓದುತ್ತ, ಹೊಸಬರಿಗೆ ಫೋರ್‌ಹ್ಯಾಂಡ್ ಎಸೆತ ಕಲಿಸುತ್ತ, ಇಲ್ಲಿನ ಅಂಗಳದಲ್ಲಿ ಬೆವರು ಸುರಿಸಿದ ಪಟ್ನಾದ ಹುಡುಗಿ ಹೊರಗಿನವಳಾಗುತ್ತಾಳೆ. ಕರಾವಳಿಯಲ್ಲಿ ಈ ಆಟಕ್ಕೆ ಉಸಿರಾಗಬಲ್ಲವರಲ್ಲಿ ದೊಡ್ಡ ಪಾಲು ಹಾಸ್ಟೆಲ್ ವಾಸಿಗಳದ್ದೆಂಬುದನ್ನು ಬಲ್ಲ ಯಾರೂ ಅಂತಹ ನಿಯಮವನ್ನು ಒಪ್ಪಲಾರರು. ಕೆ. ಎಲ್. ರಾಹುಲ್ ಹುಟ್ಟಿದ್ದು ಬೆಂಗಳೂರಿನಲ್ಲಿ, ಬೆಳೆದದ್ದು ಸುರತ್ಕಲ್ಲಿನಲ್ಲಿ. ಅವರು ನಮ್ಮವರು ಎಂದು ಹೇಳುವಾಗ ನಾವು ಯಾರೂ ಜನನ ಪ್ರಮಾಣಪತ್ರ ಕೇಳುವುದಿಲ್ಲವಲ್ಲ.

ಹಾಗೆಂದು ಆಡಳಿತದ ಗಡಿಗಳನ್ನೇ ಪ್ರದೇಶವೆಂದು ಹಿಡಿಯುವುದೂ ಇಲ್ಲಿ ಸರಿಹೋಗುವುದಿಲ್ಲ. ಉಡುಪಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅಲ್ಲಿಯವರೆಗೆ ಅದು ದಕ್ಷಿಣ ಕನ್ನಡವೇ. ಜಿಲ್ಲೆಯ ನಿಯಮ ಮಾಡಿದರೆ ಶಾಂಭವಿ ಹೊಳೆಯ ಈಚೆಯ ಮೂಲ್ಕಿ ಒಂದು ಕಡೆ, ಸೇತುವೆಯಾಚೆಯ ಹೆಜಮಾಡಿ ಇನ್ನೊಂದು ಕಡೆ. ರಾಜ್ಯದ ನಿಯಮ ಮಾಡಿದರೆ ಮಂಗಳೂರಿಗೆ ದಿನವೂ ರೈಲಿನಲ್ಲಿ ಓದಲು ಬರುವ ಮಂಜೇಶ್ವರ, ಉಪ್ಪಳದ ಮಕ್ಕಳು 1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆಯ ಫಲವಾಗಿ ಕೊಚ್ಚಿಯ ತಂಡಕ್ಕೆ ಸೇರಬೇಕಾಗುತ್ತದೆ. ಕೆಎ 19, ಕೆಎ 20, ಕೆಎಲ್ 14 ಎಂಬ ಮೂರು ನಂಬರ್ ಪ್ಲೇಟುಗಳ ಸ್ಕೂಟರುಗಳು ಒಂದೇ ಅಂಗಳದ ಹೊರಗೆ ನಿಲ್ಲುವುದನ್ನು ನಾವು ದಿನವೂ ನೋಡುತ್ತಿರುವಾಗ, ಕಾಗದದ ಮೇಲಿನ ಗೆರೆಯನ್ನು ಅಂಗಳದೊಳಕ್ಕೆ ಎಳೆಯುವುದೇಕೆ?

ಈ ತೊಡಕಿಗೆ ನನಗೆ ದಾರಿ ತೋರಿದ್ದು ಯಾವ ಕ್ರೀಡಾ ಸಂಸ್ಥೆಯ ಕೈಪಿಡಿಯೂ ಅಲ್ಲ, ನಮ್ಮ ಮತದಾರರ ಪಟ್ಟಿಯ ಕಾನೂನು. 1950ರ ಜನತಾ ಪ್ರಾತಿನಿಧ್ಯ ಕಾಯಿದೆಯ 20ನೆಯ ಕಲಮು ಸಾಮಾನ್ಯ ನಿವಾಸಿ ಎಂಬ ಕಲ್ಪನೆಯನ್ನು ಬಳಸುತ್ತದೆ. ಒಂದು ಕ್ಷೇತ್ರದಲ್ಲಿ ಮನೆ ಇದೆ ಎಂಬ ಒಂದೇ ಕಾರಣಕ್ಕೆ ಯಾರೂ ಅಲ್ಲಿನ ಸಾಮಾನ್ಯ ನಿವಾಸಿಯಾಗುವುದಿಲ್ಲ. ತಾತ್ಕಾಲಿಕವಾಗಿ ಊರು ಬಿಟ್ಟ ಮಾತ್ರಕ್ಕೆ ಯಾರೂ ಆ ಹಕ್ಕನ್ನು ಕಳೆದುಕೊಳ್ಳುವುದೂ ಇಲ್ಲ. ಹಾಸ್ಟೆಲಿನಲ್ಲಿರುವ ವಿದ್ಯಾರ್ಥಿ ತವರಿನಲ್ಲಾಗಲಿ ಓದುವ ಊರಿನಲ್ಲಾಗಲಿ ಹೆಸರು ಸೇರಿಸಬಹುದು, ಆದರೆ ಎರಡೂ ಕಡೆ ಅಲ್ಲ. ಈ ಮೂರು ಮಾತುಗಳನ್ನು ಎತ್ತಿಕೊಂಡು ವಾಸ ಎಂಬ ಪದದ ಜಾಗದಲ್ಲಿ ಅಭ್ಯಾಸ ಎಂದು ಬರೆದರೆ ಅಲ್ಟಿಮೇಟಿಗೆ ಬೇಕಾದ ನಿಯಮ ಮುಕ್ಕಾಲು ಪಾಲು ಸಿದ್ಧವಾಯಿತು.

ಪ್ರದೇಶ ಎಂದರೆ ಜಿಲ್ಲೆಯಲ್ಲ, ಅಭ್ಯಾಸದ ಅಂಗಳ. ಒಬ್ಬ ಆಟಗಾರ ಯಾವ ಅಂಗಳದವನೆಂದು ತಿಳಿಯಲು ಆತ ದಸರಾದಿಂದ ಡಿಸೆಂಬರ್ ಕೊನೆಯವರೆಗಿನ ಅವಧಿಯಲ್ಲಿ ಎಲ್ಲಿ ಅಭ್ಯಾಸಕ್ಕೆ ಬಂದ ಎಂಬುದನ್ನು ನೋಡಿದರೆ ಸಾಕು. ನನ್ನ ಸಲಹೆ ಹನ್ನೆರಡು ದಿನ. ವಾರಕ್ಕೆ ಒಂದೆರಡು ದಿನ ಬರುವ ಉದ್ಯೋಗಸ್ಥನೂ ಅಷ್ಟನ್ನು ಮುಟ್ಟಬಲ್ಲ, ಪಂದ್ಯದ ಹಿಂದಿನ ವಾರ ಮಾತ್ರ ಬರುವವನು ಮುಟ್ಟಲಾರ. ಹಾಜರಿ ಬರೆಯುವುದು ಹವ್ಯಾಸಿ ಆಟಕ್ಕೆ ಹೊರೆಯೆಂದು ಕೆಲವರು ಹೇಳಿದ್ದಾರೆ. ಅಭ್ಯಾಸಕ್ಕೆ ಯಾರು ಬರುತ್ತಾರೆ, ಯಾರು ಬರುವುದಿಲ್ಲ ಎಂದು ತಿಳಿಯಲು ಎಲ್ಲ ತಂಡಗಳೂ ಹಿಂದಿನ ರಾತ್ರಿ ವಾಟ್ಸಾಪಿನಲ್ಲಿ ಪೋಲ್ ಹಾಕುತ್ತವೆ. ಆ ಪೋಲುಗಳನ್ನು ಅಳಿಸದೆ ಇಟ್ಟುಕೊಂಡರೆ ಹಾಜರಿ ಪುಸ್ತಕ ಅದೇ.

ಇನ್ನು ಹೊರಗಿನವರ ಮಿತಿ. ರಣಜಿ ಟ್ರೋಫಿಯಲ್ಲಿ ರಾಜ್ಯವೊಂದು ಹೊರಗಿನ ಮೂವರು ವೃತ್ತಿಪರ ಆಟಗಾರರನ್ನು ತೆಗೆದುಕೊಳ್ಳಬಹುದು. ನಮ್ಮ ಕರುಣ್ ನಾಯರ್ ಕರ್ನಾಟಕ ಬಿಟ್ಟು 2023ರಲ್ಲಿ ವಿದರ್ಭಕ್ಕೆ ಹೋಗಿ ಆ ತಂಡ ಟ್ರೋಫಿ ಗೆಲ್ಲುವಲ್ಲಿ ದೊಡ್ಡ ಪಾಲು ಪಡೆದದ್ದು ಅಂತಹ ಅವಕಾಶದಲ್ಲಿಯೇ. ಆದರೆ ಹನ್ನೊಂದರಲ್ಲಿ ಮೂವರು ಬೇರೆ, ಏಳರಲ್ಲಿ ಮೂವರು ಬೇರೆ, ಐದರಲ್ಲಿ ಮೂವರೆಂದರೆ ಬಹುಮತವೇ ಅವರದ್ದು. ನಮ್ಮ ಸಂಘಟಕರು ಮಿತಿ ಹಾಕುವಾಗಲೆಲ್ಲ ಇಪ್ಪತ್ತು ಮಂದಿಯ ರೋಸ್ಟರಿನಲ್ಲಿ ಮೂವರು ಎಂದು ಬರೆಯುತ್ತಾರೆ. ಕೇಳಲು ಅದು ಶೇಕಡ 15. ಅಂಗಳಕ್ಕೆ ಇಳಿದ ಮೇಲೆ ಕ್ಯಾಪ್ಟನ್ ಆ ಮೂವರನ್ನೂ ಪ್ರತಿ ಪಾಯಿಂಟಿಗೂ ಲೈನಿನಲ್ಲಿ, ಅಂದರೆ ಆಡಲಿಳಿಯುವ ಏಳು ಮಂದಿಯಲ್ಲಿ, ನಿಲ್ಲಿಸಿದರೆ ತಡೆಯುವವರಾರು? ಹದಿನೈದು ಪಾಯಿಂಟಿನ ಪಂದ್ಯದಲ್ಲಿ ಊರಿನ ಹತ್ತು ಮಂದಿ ನೀರಿನ ಬಾಟಲಿ ಕಾಯುತ್ತ ಕುಳಿತುಕೊಳ್ಳುತ್ತಾರೆ. ಆದ್ದರಿಂದ ಮಿತಿಯನ್ನು ರೋಸ್ಟರಿಗೆ ಹಾಕದೆ ಲೈನಿಗೆ ಹಾಕಬೇಕೆಂಬುದು ನನ್ನ ಖಚಿತ ಅಭಿಪ್ರಾಯ: ಏಳರ ಆಟದಲ್ಲಿ ಒಂದು ಪಾಯಿಂಟಿಗೆ ಇಬ್ಬರು, ಬೀಚಿನ ಐದರ ಆಟದಲ್ಲಿ ಒಬ್ಬರು. ರೋಸ್ಟರಿನಲ್ಲಿ ನಾಲ್ವರಿದ್ದರೂ ಇರಲಿ. ಗಾಯದ ಸಂದರ್ಭ ಬಿಟ್ಟರೆ ಪಾಯಿಂಟ್ ಮುಗಿದ ಮೇಲೆ ಮಾತ್ರ ಆಟಗಾರರನ್ನು ಬದಲಿಸುವ ಆಟವಾದ್ದರಿಂದ, ಎಂಡ್ ಝೋನಿನ ಗೆರೆಯ ಮೇಲೆ ಸಾಲಾಗಿ ನಿಂತವರನ್ನು ಎದುರು ತಂಡ ಪುಲ್, ಅಂದರೆ ಪಾಯಿಂಟನ್ನು ಆರಂಭಿಸುವ ಎಸೆತ, ಎಸೆಯುವ ಮೊದಲು ಒಮ್ಮೆ ಕಣ್ಣಾಡಿಸಿ ಎಣಿಸಬಹುದು. ಹೊರಗಿನವರು ಕೈಗೆ ಒಂದು ಬಣ್ಣದ ಪಟ್ಟಿ ಕಟ್ಟಿಕೊಂಡರಾಯಿತು. ಅದು ಅವಮಾನವಾಗುತ್ತದೆ ಎಂದು ಒಬ್ಬ ಹಿರಿಯರು ಹೇಳಿದರು. ಮದುವೆ ಮನೆಯಲ್ಲಿ ಬೀಗರು ಎದೆಗೆ ಹೂ ಸಿಕ್ಕಿಸಿಕೊಳ್ಳುವಷ್ಟೇ ಅವಮಾನ ಎಂದು ನಾನು ಉತ್ತರಿಸಿದೆ.

ಮಿಕ್ಸೆಡ್ ವಿಭಾಗಕ್ಕೆ ಬಂದರೆ ಈ ಸರಳ ಮಿತಿಯೂ ಸಾಲದು. ಏಳರಲ್ಲಿ ಒಂದು ಲಿಂಗದ ನಾಲ್ವರು, ಇನ್ನೊಂದು ಲಿಂಗದ ಮೂವರು ಇರಲೇಬೇಕು. ಸಣ್ಣ ಊರುಗಳ ತಂಡಗಳು ಅನರ್ಹವಾಗುವುದು ಹೆಚ್ಚಾಗಿ ಹೊರಗಿನವರು ಹೆಚ್ಚಾದದ್ದರಿಂದಲ್ಲ, ಊರಿನ ಮಹಿಳಾ ಆಟಗಾರರು ಸಾಲದೆ ಹೋದದ್ದರಿಂದ. ಕತ್ತಲಾದ ಮೇಲೆ ಅಭ್ಯಾಸ ಮುಗಿಯುವ ಅಂಗಳಕ್ಕೆ ಹೆಣ್ಣುಮಕ್ಕಳು ಯಾಕೆ ಬರುವುದಿಲ್ಲ ಎಂದು ಆಶ್ಚರ್ಯಪಡುವ ತಂಡಗಳನ್ನು ನಾನು ನೋಡಿದ್ದೇನೆ. ಹಾಸ್ಟೆಲಿನ ಗೇಟು ಎಷ್ಟು ಗಂಟೆಗೆ ಮುಚ್ಚುತ್ತದೆ ಎಂದು ಅವರು ಕೇಳಿಯೇ ಇರುವುದಿಲ್ಲ. ಅದೇನೇ ಇರಲಿ, ಒಂದೇ ಮಿತಿಯನ್ನು ಎಲ್ಲರಿಗೂ ಹಾಕಿದಾಗ ಕ್ಯಾಪ್ಟನ್‌ಗಳು ಆ ಎರಡು ಸ್ಥಾನಗಳನ್ನು ದೂರ ಎಸೆಯುವ ಗಂಡಸರಿಗೆ ಕೊಡುತ್ತಾರೆ, ಮಹಿಳೆಯರ ಕೊರತೆಯಿಂದ ತಂಡವೇ ಮುರಿಯುತ್ತದೆ. ಆದ್ದರಿಂದ ತಂಡದಲ್ಲಿ ಸ್ಥಳೀಯ ಮಹಿಳಾ ಆಟಗಾರರು ಐವರಿಗಿಂತ ಕಡಿಮೆಯಿರುವವರೆಗೆ ಹೊರಗಿನಿಂದ ಬರುವ ಮಹಿಳೆಯರನ್ನು ಮಿತಿಯಲ್ಲಿ ಎಣಿಸದೆ ಬಿಡುವುದು ಒಳ್ಳೆಯದು. ಇದು ಶಾಶ್ವತ ರಿಯಾಯಿತಿಯಲ್ಲ; ಎರಡು ಋತುಗಳ ಬಳಿಕ ಮರುಪರಿಶೀಲಿಸಬೇಕು. ಹೊರಗಿನ ಮೂವರು ಮಹಿಳೆಯರನ್ನೇ ನೆಚ್ಚಿಕೊಂಡು ಊರಿನವರನ್ನು ಕಲಿಸದೆ ಬಿಡುವ ಅಪಾಯ ಇದರಲ್ಲಿ ಇದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ.

ರೋಸ್ಟರ್ ಮುಚ್ಚುವ ದಿನದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಗೆಜ್ಜೆ ಕಟ್ಟಿ ತಿರುಗಾಟ ಹೊರಟ ಯಕ್ಷಗಾನ ಕಲಾವಿದ, ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆಗೆ ಗೆಜ್ಜೆ ಬಿಚ್ಚುವವರೆಗೆ ಆ ಮೇಳದವನು. ನಡುವೆ ಮೇಳ ಬದಲಿಸುವುದು ಮರ್ಯಾದೆಯಲ್ಲ ಎಂಬ ಹಳೆಯ ನಡವಳಿಕೆ ಇಲ್ಲಿ ಎಲ್ಲರಿಗೂ ತಿಳಿದದ್ದು. ಜನವರಿಯಿಂದ ಮಾರ್ಚ್‌ವರೆಗೆ ಸರಣಿ ನಡೆಯುವುದಾದರೆ ಡಿಸೆಂಬರ್ 31ಕ್ಕೆ ಪಟ್ಟಿ ಮುಚ್ಚಲಿ. ಗಾಯಗೊಂಡವರ ಬದಲಿಗೆ ಅದೇ ಅಂಗಳದ ಹಾಜರಿ ಪಟ್ಟಿಯಿಂದ ಇನ್ನೊಬ್ಬರು ಬರಬಹುದು.

ಕಂಬಳದಲ್ಲಿ ಹೀಗಿಲ್ಲವಲ್ಲ, ಒಬ್ಬನೇ ಓಟಗಾರ ಬೇರೆ ಬೇರೆ ಮನೆಗಳ ಕೋಣಗಳನ್ನು ಓಡಿಸುತ್ತಾನಲ್ಲ ಎಂದು ಹಿಂದೊಮ್ಮೆ ಗೆಳೆಯರೊಬ್ಬರು ವಾದಿಸಿದ್ದರು. ನಿಜ. ಆದರೆ ಅಲ್ಲಿ ಗೆಲ್ಲುವುದು ಇಂಥ ಮನೆಯ ಕೋಣ. ಓಟಗಾರನ ಹೆಸರು ಅದರ ಜೊತೆಗೆ ಸೇರುತ್ತದೆ, ಅದರ ಜಾಗಕ್ಕೆ ಬರುವುದಿಲ್ಲ. ತಂಡದ ಆಟದಲ್ಲಿ ಕೋಣವೂ ಓಟಗಾರನೂ ಒಬ್ಬನೇ ಆಗಿರುವುದರಿಂದ ಆ ಹೋಲಿಕೆ ನಮ್ಮ ಉಪಯೋಗಕ್ಕೆ ಬರುವುದಿಲ್ಲ.

ಕೊನೆಯದಾಗಿ, ನಿಯಮವನ್ನು ಜಾರಿ ಮಾಡುವವರು ಯಾರು ಎಂಬ ಪ್ರಶ್ನೆ, ಅಂದರೆ ಆ ಫ್ಲೆಕ್ಸಿನ ನಾಲ್ಕನೆಯ ಸಾಲು. ರೆಫರಿ ಇಲ್ಲದ ಆಟದಲ್ಲಿ ಅರ್ಹತೆಗೆ ಮಾತ್ರ ಪೊಲೀಸರನ್ನು ಇಟ್ಟುಕೊಳ್ಳುವುದು ಅಸಂಬದ್ಧ. ಅರ್ಹತೆಯ ಜಗಳವನ್ನು ಅಂಗಳಕ್ಕೆ ಬಿಡುವುದು ಅದಕ್ಕಿಂತ ಕೆಟ್ಟದ್ದು. ಪಟ್ಟಿಗಳನ್ನು ಪಂದ್ಯಾಟಕ್ಕೆ ಹತ್ತು ದಿನ ಮೊದಲು ಎಲ್ಲ ತಂಡಗಳಿಗೂ ಕಳುಹಿಸಿ, ಪ್ರತಿ ಹೆಸರಿನ ಎದುರು ಆತನ ಅಂಗಳವನ್ನೂ ಅಭ್ಯಾಸದ ದಿನಗಳನ್ನೂ ಬರೆದಿಟ್ಟು, ಆಕ್ಷೇಪವಿದ್ದವರು ಏಳು ದಿನಗಳೊಳಗೆ ತಿಳಿಸಬೇಕು ಎನ್ನಬೇಕು. ಆಕ್ಷೇಪಗಳನ್ನು ಆ ಪಂದ್ಯಕ್ಕೆ ಸಂಬಂಧಪಡದ ಮೂರು ತಂಡಗಳ ಕ್ಯಾಪ್ಟನ್‌ಗಳು ಕುಳಿತು ತೀರ್ಮಾನಿಸಲಿ. ಮೊದಲ ಪುಲ್ ಗಾಳಿಗೆ ಏರಿದ ಬಳಿಕ ಅರ್ಹತೆಯ ಬಗ್ಗೆ ಮಾತಿಲ್ಲ. ಸುಳ್ಳು ಬರೆದುಕೊಟ್ಟದ್ದು ಆಮೇಲೆ ಸಾಬೀತಾದರೆ ಮಾತ್ರ ಆ ತಂಡಕ್ಕೆ ಮುಂದಿನ ಹಂತದ ಸ್ಥಾನ ಇಲ್ಲ.

ಇಲ್ಲಿ ಒಂದು ಕೆಟ್ಟ ರೂಢಿಯನ್ನು ಹೆಸರಿಸಲೇಬೇಕು. ಪ್ರತಿ ಪಂದ್ಯದ ಬಳಿಕ ತಂಡಗಳು ಪರಸ್ಪರ ಸ್ಪಿರಿಟ್ ಅಂಕ ಕೊಡುತ್ತವೆ: ನಿಯಮಗಳ ಅರಿವು, ಫೌಲ್ ಮತ್ತು ದೇಹಸ್ಪರ್ಶ, ನ್ಯಾಯಬುದ್ಧಿ, ಮನೋಭಾವ, ಸಂವಹನ ಎಂಬ ಐದು ವಿಷಯಗಳಿಗೆ ಸೊನ್ನೆಯಿಂದ ನಾಲ್ಕರವರೆಗೆ. ಎಲ್ಲವೂ ಸಹಜವಾಗಿದ್ದರೆ ಒಟ್ಟು ಹತ್ತು. ಎದುರು ತಂಡದಲ್ಲಿ ಹೊರಗಿನವರು ಆಡಿದರೆಂಬ ಸಿಟ್ಟನ್ನು ಬಾಯಿಬಿಟ್ಟು ಹೇಳದೆ, ನ್ಯಾಯಬುದ್ಧಿಯ ಕಾಲಮಿನಲ್ಲಿ ಸೊನ್ನೆ ಹಾಕಿ ತೀರಿಸಿಕೊಳ್ಳುವವರಿದ್ದಾರೆ. ಪಾಪ, ಆ ಸೊನ್ನೆ ಪಡೆದ ತಂಡಕ್ಕೆ ತಾವು ಯಾವ ಫೌಲನ್ನು ತಪ್ಪಾಗಿ ಕರೆದೆವೆಂದು ಗೊತ್ತಾಗುವುದೇ ಇಲ್ಲ. ಸ್ಪಿರಿಟ್ ಅಂಕ ಅಂಗಳದೊಳಗಿನ ನಡತೆಗೆ. ಬಸ್ ಟಿಕೆಟಿಗೆ ಅಲ್ಲ.

ಭಾಷಣದ ನಂತರ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ. ಮಂಗಳೂರು ಮತ್ತು ಉಡುಪಿ ಪ್ರತ್ಯೇಕ ಅಂಗಳಗಳಾದರೆ ಎರಡೂ ಕಡೆ ಅರ್ಧರ್ಧ ತಂಡಗಳಾಗಿ ಉಳಿಯುತ್ತವೆಯಲ್ಲ ಎಂದು ಮಣಿಪಾಲದಿಂದ ಬಂದವರೊಬ್ಬರು ಕೇಳಿದರು. ಹದಿನಾಲ್ಕು ಮಂದಿ ಇಲ್ಲದ ಎರಡು ಅಂಗಳಗಳು ಸೇರಿ ಒಂದೇ ತಂಡವಾಗಿ ನೋಂದಾಯಿಸಬಹುದು, ಆಗ ಇಬ್ಬರೂ ಸ್ಥಳೀಯರೇ. ಆದರೆ ಹದಿನಾಲ್ಕು ಮಂದಿ ಇರುವ ಅಂಗಳ ಇನ್ನೊಂದನ್ನು ನುಂಗಲು ಈ ಅವಕಾಶ ಬಳಸಬಾರದು. ಅರುವತ್ತು ಕಿಲೋಮೀಟರಿನ ಅಂತರದಲ್ಲಿ ಎರಡು ತಂಡಗಳು ಪರಸ್ಪರ ಆಡುತ್ತಿರುವುದು ಒಂದೇ ತಂಡ ಬೆಂಗಳೂರಿಗೆ 350 ಕಿಲೋಮೀಟರ್ ಹೋಗಿ ಸೋತು ಬರುವುದಕ್ಕಿಂತ ಆಟಕ್ಕೆ ಒಳ್ಳೆಯದು.

ಎರಡನೆಯ ಪ್ರಶ್ನೆ ಕೇಳಿದವಳು ಹಿಂದಿನ ಸಾಲಿನಲ್ಲಿ ಕುಳಿತಿದ್ದ ವಿದ್ಯಾರ್ಥಿನಿ. ಮನೆ ಗಡಿಯಾಚೆ, ಆಧಾರ್ ಕೇರಳದ್ದು, ಓದು ಮಂಗಳೂರಿನಲ್ಲಿ. ವಾರದ ದಿನಗಳಲ್ಲಿ ಇಲ್ಲಿ ಅಭ್ಯಾಸ, ಭಾನುವಾರ ಕಾಸರಗೋಡಿನ ಕಡೆಯ ಗೆಳತಿಯರ ಜೊತೆ ಬೀಚಿನಲ್ಲಿ ಆಟ. ತಾನು ಯಾವ ತಂಡದವಳು ಎಂದು ಕೇಳಿದಳು. ಎರಡೂ ಕಡೆ ಹನ್ನೆರಡು ದಿನ ತುಂಬಿದ್ದರೆ ಅದನ್ನು ಹೇಳಬೇಕಾದವಳು ನೀನೇ, ಡಿಸೆಂಬರ್ 31ರೊಳಗೆ ಎಂದು ಉತ್ತರಿಸಿದೆ. ಸಭೆ ಮುಗಿದು ಹೊರಟಾಗ ಆಕೆ ಮತ್ತೆ ಬಂದು, ಇಲ್ಲಿನ ಅಭ್ಯಾಸಕ್ಕೆ ಬಂದ ದಿನಗಳಿಗೆ ದಾಖಲೆಯಾಗಿ ರೈಲಿನ ಸೀಸನ್ ಟಿಕೆಟ್ ತೋರಿಸಿದರೆ ಸಾಕೇ ಎಂದು ವಿಚಾರಿಸಿದಳು. ಸೀಸನ್ ಟಿಕೆಟ್ ನೀನು ರೈಲು ಹತ್ತಬಹುದಿತ್ತು ಎಂಬುದಕ್ಕೆ ಮಾತ್ರ ದಾಖಲೆ, ವಾಟ್ಸಾಪಿನ ಪೋಲಿನಲ್ಲಿ ಹೌದು ಒತ್ತಿದ್ದೀಯಾ ನೋಡು ಎಂದೆ. ಆಕೆ ಅಲ್ಲಿಯೇ ಮೊಬೈಲ್ ತೆಗೆದು ಎಣಿಸಲು ತೊಡಗಿದಳು.